ಕದನಕ್ಕೆ ‘ಅಂ’ ಸೇರಿಸಿದಾಗ

ಇತ್ತೀಚೆಗೆ ನಾನು ಒಂದೇ ಒಂದು ‘ಅಂ’ ಸೇರಿಸಿ ಪಕ್ಕದ ಫ್ಲ್ಯಾಟಿನವರನ್ನು ಅಳಿಸಿಬಿಟ್ಟೆ.

ಗಂಡನಿಗೆ ಬ್ಯಾಂಕಿನಿಂದ ಕೊಚ್ಚಿಗೆ ವರ್ಗವಾಗಿ ಎಡಪ್ಪಳ್ಳಿಯಲ್ಲಿ ಮನೆ ಮಾಡಿದ ಹೊಸದರಲ್ಲೇ ನಾನೊಂದು ಸೂತ್ರ ಕಂಡುಕೊಂಡಿದ್ದೆ. ಕನ್ನಡದ ಪದ ತೆಗೆದುಕೊಳ್ಳಿ, ಬಾಲಕ್ಕೆ ‘ಅಂ’ ಅಂಟಿಸಿ. ಮಲಯಾಳಂ ರೆಡಿ. ಪುಸ್ತಕ ಪುಸ್ತಕಂ, ವಿವಾಹ ವಿವಾಹಂ, ಸಂತೋಷ ಸಂತೋಷಂ. ಇಷ್ಟು ಅಗ್ಗಕ್ಕೆ ಇನ್ನೊಂದು ಭಾಷೆ ಎಲ್ಲಿ ಸಿಗುತ್ತದೆ? (ಇಲ್ಲಿರುವ ಕನ್ನಡಿಗರೆಲ್ಲ ಇದೇ ಸೂತ್ರದ ಮೇಲೆ ಬದುಕುತ್ತಿದ್ದೇವೆ. ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.)

ಪಕ್ಕದ ಫ್ಲ್ಯಾಟಿನವರು ಶೈಲಜಾ ಚೇಚಿ. ಚೇಚಿ ಎಂದರೆ ಅಕ್ಕ. ಅವರ ಮಗಳು ಅಂಜುಗೆ ಮದುವೆ ಗೊತ್ತಾಗಿತ್ತು. ಹುಡುಗ ರತೀಶ್ ತಿರುವನಂತಪುರದವನು. ಗಲ್ಫ್‌ನಲ್ಲಿ ಒಂದು ಕಟ್ಟಡ ಕಂಪನಿಯ ಎಂಜಿನಿಯರ್. ಹಾಲ್ ಬುಕ್ ಆಗಿತ್ತು, ಸೀರೆ ಬಂದಿತ್ತು, ವರ ಬರುವುದೊಂದೇ ಬಾಕಿ. ಅಷ್ಟರಲ್ಲಿ ಆ ಕಡೆ ಯುದ್ಧ ಶುರುವಾಯಿತು. ವಿಮಾನಗಳು ನಿಂತವು. ಮದುವೆ ನಡೆಯುತ್ತದೋ ಇಲ್ಲವೋ ಎಂಬುದು ಯಾರ್‍ಯಾರೋ ಸೇನಾಧಿಕಾರಿಗಳ ಕೈಗೆ ಹೋಯಿತು.

ನಾನು ಕನ್ನಡ ಪತ್ರಿಕೆಯೊಂದರ ಡೆಸ್ಕಿನವಳು. ಕೆಲಸ ಮನೆಯಿಂದಲೇ. ಯುದ್ಧದ ಸುದ್ದಿ ನನ್ನ ಪಾಲಿಗೆ ಬಂದಿತ್ತು. ನಕ್ಷೆ, ಕ್ಷಿಪಣಿ, ಕಚ್ಚಾ ತೈಲದ ದರ. ನಮ್ಮ ಶೀರ್ಷಿಕೆಗಳಲ್ಲಿ ರಾಷ್ಟ್ರಗಳಿರುತ್ತವೆ, ನಾಯಕರಿರುತ್ತಾರೆ. ಚೇಚಿಯ ಮನೆಗೆ ಅದೇ ಯುದ್ಧ ಬೇರೆ ವೇಷದಲ್ಲಿ ಬರುತ್ತಿತ್ತು.

ಮೊದಲು ಅಡುಗೆ ಕಾಂಟ್ರಾಕ್ಟರ್ ಬಂದ. “ಸಿಲಿಂಡರ್ ಸಿಗ್ತಿಲ್ಲ ಚೇಚೀ. ಮೂರು ಪಾಯಸ ಆಗಲ್ಲ, ಒಂದಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದ. ರಿಫೈನರಿ ಇರುವುದು ಇಲ್ಲೇ ಅಂಬಲಮುಗಳ್‌ನಲ್ಲಿ. ಎಲೆಗೆ ಎಷ್ಟು ಪಾಯಸ ಎಂಬುದು ಮಾತ್ರ ಸಮುದ್ರದಾಚೆ ತೀರ್ಮಾನವಾಗುತ್ತದೆ!

ಆಮೇಲೆ ಚೇಚಿಯ ಅಣ್ಣ ಬಂದರು. ಮಟ್ಟಾಂಚೇರಿಯಲ್ಲಿ ಅವರದು ಮಸಾಲೆ ವ್ಯಾಪಾರ. ಗಲ್ಫ್‌ಗೆ ಹೋಗಬೇಕಿದ್ದ ಏಲಕ್ಕಿ ಗೋದಾಮಿನಲ್ಲೇ ಕೂತಿತ್ತು. “ನನ್ನ ಏಲಕ್ಕಿ ಅಲ್ಲಿಗೆ ಹೋಗ್ತಿಲ್ಲ, ನಿನ್ನ ಅಳಿಯ ಇಲ್ಲಿಗೆ ಬರ್ತಿಲ್ಲ. ಅದಲುಬದಲು ಮಾಡ್ಕೊಳ್ಳಿ ಅಂತ ಯಾರಿಗೆ ಹೇಳೋಣ?” ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಹಿಂದಿನ ದಿನದಿಂದ ರತೀಶ್‌ನ ಫೋನ್ ಸ್ವಿಚ್ ಆಫ್ ಆಗಿತ್ತು.

ಮಾರನೆಯ ಬೆಳಿಗ್ಗೆ ನನ್ನ ಸ್ಕ್ರೀನಿನ ಮೇಲೆ ಸುದ್ದಿ ಬಂತು. ‘ಕದನ ವಿರಾಮ’ ಎಂದು ಶೀರ್ಷಿಕೆ ಹೊಡೆದೆ, ವೆಬ್‌ಸೈಟಿಗೆ ಹಾಕಿದೆ, ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದೆ. ಬಾಗಿಲಲ್ಲೇ ನಿಂತು ಕೂಗಿದೆ. “ಚೇಚೀ, ಕದನಂ! ಕದನ ವಿರಾಮಂ!”

ಚೇಚಿಯ ಮುಖ ಬಿಳಿಚಿಕೊಂಡಿತು. “ಕದನಮೋ? ಆರ್ಕ್ಕಾ?” ಯಾರಿಗೆ ಎಂದು ಕೇಳುತ್ತಿದ್ದರು. ಇದೆಂಥ ಪ್ರಶ್ನೆ?

“ಎಲ್ಲಾರ್ಕ್ಕುಂ ಚೇಚೀ, ಎಲ್ಲಾರ್ಕ್ಕುಂ!” ಎಂದೆ ನಗುತ್ತಾ. ಎಲ್ಲರಿಗೂ!

ಅವರು ಅಲ್ಲೇ ಕುಸಿದು ಕೂತು ಅಳತೊಡಗಿದರು. ಒಳಗಿನಿಂದ ಓಡಿ ಬಂದ ಅಂಜು ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಇಂಗ್ಲಿಷಿನಲ್ಲಿ ಬಂದಿದ್ದ ಸುದ್ದಿ ನೋಡಿದಳು. “ಅಮ್ಮೇ, ಸೀಸ್‌ಫೈರ್! ಸೀಸ್‌ಫೈರ್!” ಆಮೇಲೆ ನನ್ನ ಕಡೆ ತಿರುಗಿದಳು. “ಆಂಟೀ, ನಮ್ಮಲ್ಲಿ ಕದನಂ ಅಂದ್ರೆ ಸಂಕಟ. ಸತ್ತವರ ಮನೇಲಿ ಇರುತ್ತಲ್ಲ, ಆ ಥರದ್ದು. ಸೀಸ್‌ಫೈರ್ ಅನ್ನೋಕೆ ನಿಮಗೇನಾಗಿತ್ತು?”

ಚೇಚಿ ಕಣ್ಣೊರೆಸಿಕೊಂಡು ಎದ್ದು, ಮಗಳೇ ಎಂದು ಕರೆದೇ ಬೈದರು. “ಮೋಳೇ, ಇನ್ನು ಮೇಲೆ ಒಳ್ಳೆ ಸುದ್ದಿ ಇದ್ರೆ ನಿನ್ನ ಗಂಡನ್ನ ಕಳಿಸು. ನೀನು ಬರ್ಬೇಡ.”

ಒಂದೇ ಪದ. ನಮಗೆ ಯುದ್ಧ, ಅವರಿಗೆ ದುಃಖ. ಎಷ್ಟು ವರ್ಷಗಳಿಂದ ‘ಕದನ ವಿರಾಮ’ ಎಂದು ದಪ್ಪಕ್ಷರದಲ್ಲಿ ಹಾಕುತ್ತಾ ಬಂದಿದ್ದೇನೆ! ಗುಂಡು ನಿಂತ ಮೇಲೆ ದುಃಖವೂ ನಿಂತಿತೇ ಎಂದು ನೋಡುವ ಹೊತ್ತಿಗೆ ನಮ್ಮಲ್ಲಿ ಪುಟ ಬದಲಾಗಿರುತ್ತದೆ.

ರತೀಶ್‌ನ ಫೋನ್ ಅದೇ ಸಂಜೆ ಸಿಕ್ಕಿತು. (ಚಾರ್ಜ್ ಮುಗಿದಿತ್ತಂತೆ. ಅಂಜು ಕೊಟ್ಟ ಮಂಗಳಾರತಿ ನಮ್ಮ ಅಡುಗೆಮನೆವರೆಗೂ ಕೇಳಿಸಿತು.) ಅವನಿಗೆ ಸೀಟು ಸಿಕ್ಕಿದ್ದು ತಿರುವನಂತಪುರದ ವಿಮಾನದಲ್ಲಿ. ಮದುಮಗಳು ತನ್ನ ವರನನ್ನು ಮೊದಲು ನೋಡಿದ್ದು ಟಿವಿಯಲ್ಲಿ. ವಿಮಾನ ನಿಲ್ದಾಣದಲ್ಲಿ ಆಳುವ ಪಕ್ಷದವರು ಅವನಿಗೊಂದು ಶಾಲು ಹೊದಿಸಿದರು. ವಿರೋಧ ಪಕ್ಷದವರು ಅದರ ಮೇಲೆ ಇನ್ನೊಂದು ಹೊದಿಸಿದರು. ಯುದ್ಧ ನಿಲ್ಲಿಸಿದ್ದು ತಾವೇ ಎಂಬ ಠೀವಿ ಇಬ್ಬರಿಗೂ. ವರದಿಗಾರ ಮೈಕ್ ಹಿಡಿದು “ಅನುಭವ ಹೇಗಿತ್ತು?” ಎಂದ. ಶಾಲುಗಳ ನಡುವಿನಿಂದ ರತೀಶ್ ಕೇಳಿದ, “ಸರ್, ಎರ್ನಾಕುಳಂ ಟ್ರೇನ್ ಎಷ್ಟು ಹೊತ್ತಿಗೆ? ಭಾನುವಾರ ನನ್ನ ಮದುವೆ.”

ಬಂದವನು ಸುದ್ದಿಯೊಂದನ್ನೂ ತಂದಿದ್ದ. ಕಂಪನಿ ಅಲ್ಲಿಯ ಕೆಲಸ ನಿಲ್ಲಿಸಿದೆ. ಮತ್ತೆ ಕರೆಯುತ್ತದೋ ಇಲ್ಲವೋ ಗೊತ್ತಿಲ್ಲ. ಇದನ್ನು ಮುಚ್ಚಿಡದೆ, ಮದುವೆಗೆ ಮೊದಲೇ ಚೇಚಿಯ ಮನೆಗೆ ಬಂದು ಹೇಳಿದ. ಯುದ್ಧ ನಿಂತಿತ್ತು, ಅವನ ನೌಕರಿಯೂ ನಿಂತಿತ್ತು.

ಅಂಜುವಿನ ಸೋದರಮಾವ ಮದುವೆ ಮುಂದೂಡೋಣ ಎಂದರು. “ಗಲ್ಫ್ ಹುಡುಗ ಅಂತ ಮಟ್ಟಾಂಚೇರಿಗೆಲ್ಲ ಹೇಳಿದ್ದೀನಿ. ಈಗ ಏನಂತ ಹೇಳಲಿ?”

“ಊರಿನ ಹುಡುಗ ಅಂತ ಹೇಳಿ ಅಮ್ಮಾವಾ” ಎಂದಳು ಅಂಜು. “ನಂಗೆ ಕೆಲಸ ಇದೆ. ಇವನು ಜೀವಂತ ಬರಬೇಕಿತ್ತು, ಬಂದಿದ್ದಾನೆ. ಇನ್ನೇನು ನೋಡಬೇಕಿತ್ತು ನಿಮಗೆ?”

ಮಾವ ಚೇಚಿಯ ಮುಖ ನೋಡಿದರು. ಚೇಚಿ ಅಡುಗೆ ಕಾಂಟ್ರಾಕ್ಟರ್‌ಗೆ ಫೋನ್ ಹಚ್ಚಿ, ಒಂದು ಪಾಯಸ ಸಾಕು, ಭಾನುವಾರವೇ ಎಂದರು.

ಮದುವೆ ಚೆನ್ನಾಗಿಯೇ ಆಯಿತು. ಆದರೆ ಊಟದ ಸಾಲಿನಲ್ಲಿ ರತೀಶ್‌ನ ಕೈಕುಲುಕಿದ ಪ್ರತಿಯೊಬ್ಬರ ಬಾಯಲ್ಲೂ ಒಂದೇ ಪ್ರಶ್ನೆ. “ಎನ್ನಾ ಇನಿ ಪೋಣೆ?” ಇನ್ನು ಯಾವಾಗ ಹೋಗುತ್ತೀ? ಅವರದೇನೂ ಕೆಟ್ಟ ಬುದ್ಧಿಯಲ್ಲ. ಗಲ್ಫ್‌ನಿಂದ ಬಂದವರಿಗೆ ಇಲ್ಲಿ ಇದೇ ಕುಶಲಪ್ರಶ್ನೆ. (ನನ್ನ ನಾಲಿಗೆಯ ತುದಿಗೂ ಬಂದಿತ್ತು.) ಅವನು ತಡವರಿಸಿದಾಗಲೆಲ್ಲ ಅಂಜುವೇ ಉತ್ತರ ಕೊಡುತ್ತಿದ್ದಳು. “ನಾಳೆ ಹೋಗ್ತೀವಿ. ಮೂನ್ನಾರ್‌ಗೆ.”

ಮನೆಗೆ ಬಂದ ಮಗನನ್ನು ‘ಯಾವಾಗ ಹೋಗುತ್ತೀ’ ಎಂದು ಕೇಳಿಯೇ ಮಾತು ಶುರು ಮಾಡುವ ಊರಿಗೆ, ಬೇರೆಯವರ ಯುದ್ಧ ಬೇರೆಯವರದ್ದಾಗಿ ಉಳಿಯುವುದಾದರೂ ಹೇಗೆ?