ನಾಲ್ಕು ಜಾತಿಯ ರೋಗಾಣು, ಒಂದೇ ಡಬ್ಬಿಯ ಮಾತ್ರೆ

ಹೈಸ್ಕೂಲಿನಲ್ಲಿದ್ದಾಗ ನಾನು ದಿನಚರಿಯಲ್ಲಿ ಮನೆಯವರ ಕಾಯಿಲೆಗಳನ್ನೂ ಬರೆದಿಡುತ್ತಿದ್ದೆ: ತಾರೀಖು, ಯಾರಿಗೆ, ಎಷ್ಟು ದಿನ. ಏನು ಕಾಯಿಲೆ ಎನ್ನುವಲ್ಲಿ ಹೆಚ್ಚಾಗಿ ಒಂದೇ ಪದ, ಜ್ವರ. ಹಾನುಬಾಳಿನ ಆಚೆಯ ನಮ್ಮೂರಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳುತ್ತಿರಲಿಲ್ಲ.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ನಮ್ಮ ಜೊತೆಯಲ್ಲೇ ಇದ್ದಳು. ಪರೀಕ್ಷೆಗೆಂದು ನಾನು ಗಟ್ಟಿಯಾಗಿ ಓದುತ್ತಿದ್ದರೆ ಒಲೆ ಮುಂದಿನಿಂದಲೇ ಕಾಲೆಳೆಯುತ್ತಿದ್ದಳು.

"ರೋಗಾಣುಗಳಲ್ಲಿ ನಾಲ್ಕು ವಿಧ: ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಪ್ರೊಟೊಜೋವಾ."

"ಅವ್ಕೂ ನಾಲ್ಕು ಜಾತಿ ಐತೇನೇ? ಹಂಗಾರೆ ಅವ್ಕೂ ಹೆಣ್ಣು-ಗಂಡು ಹುಡ್ಕೋದು ಕಷ್ಟ ಬಿಡು!"

ಹಿಂದಿನ ವರ್ಷ ಅವಳಿಗೆ ಮಲೇರಿಯಾ ಬಂದಿತ್ತು. ಸೊಳ್ಳೆ ಕಚ್ಚಿದಾಗ ರಕ್ತ ಸೇರುವ ಪ್ರೊಟೊಜೋವಾದ ಕಾಯಿಲೆ ಅದು. ನಡುಕ ನಿಂತ ಕೂಡಲೇ, ಆರೋಗ್ಯ ಕೇಂದ್ರದವರು ಕೊಟ್ಟಿದ್ದ ಮಾತ್ರೆಗಳಲ್ಲಿ ಉಳಿದವನ್ನು ಸಾಸಿವೆ ಡಬ್ಬಿಗೆ ಹಾಕಿದಳು. "ಸುಮ್ನೆ ಯಾಕೆ ನುಂಗೋದು, ಮುಂದಕ್ಕೆ ಆಯ್ತದೆ." ಹುಣಸೆ, ಹಪ್ಪಳ, ಸೌದೆ ಎಲ್ಲವನ್ನೂ ಮುಂದಿನ ಮಳೆಗಾಲಕ್ಕೆ ಉಳಿಸಿಡುವ ಮನೆ ನಮ್ಮದು. ಯಾರಿಗೂ ಅದು ತಪ್ಪೆನಿಸಲಿಲ್ಲ.

ಮುಂದಿನ ನಾಟಿಗೆ ಅವಳು ಎಂದಿನಂತೆ ಬರಿಗಾಲಲ್ಲಿ ಗದ್ದೆಗಿಳಿದಳು. ಹಿಮ್ಮಡಿ ಒಡೆದಿತ್ತು, ಜಿಗಣೆ ಕಚ್ಚಿದ ಕಡೆ ಕೆರೆದು ಗಾಯವಾಗಿತ್ತು. ನಾಟಿ ಮುಗಿದ ಮೇಲೆ ಚಳಿಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು.

"ಹೋದ ವರ್ಷದ್ದೇ ಕಣಕ್ಕ, ಗುರ್ತು ಹಿಡ್ದುಬುಟ್ಟೆ," ಎಂದು ಅಮ್ಮನಿಗೆ ಹೇಳಿ ಡಬ್ಬಿಯ ಮಾತ್ರೆ ನುಂಗಿದಳು.

"ಆಸ್ಪತ್ರೆಗೆ ಹೋಗನ ಕಣೆ," ಎಂದಳು ಅಮ್ಮ.

"ಅವ್ರು ಕೊಡೋದೂ ಇದ್ನೇಯ. ಈ ಮಳೇಲಿ ಜೀಪು ಹುಡ್ಕೋದ್ಯಾಕೆ?"

ಮಾತ್ರೆ ಮುಗಿಯುವ ಹೊತ್ತಿಗೆ ಅವಳ ಕಣ್ಣು ಅರಿಶಿನವಾಗಿತ್ತು. ಸಕಲೇಶಪುರದ ಡಾಕ್ಟರು ಅವಳ ಪಾದ ತಿರುಗಿಸಿ ನೋಡಿ, "ಗದ್ದೆಗೆ ಇಳಿದಿದ್ರಾ?" ಎಂದು ಕೇಳಿದರು. ಇದು ಇಲಿಜ್ವರ ಎಂದರು. ಇಲಿಯ ಮೂತ್ರದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ ಒಡೆದ ಚರ್ಮದಿಂದ ಒಳಹೊಕ್ಕು ಮೂತ್ರಪಿಂಡ, ಯಕೃತ್ತನ್ನು ಕೆಡಿಸುತ್ತದಂತೆ. ಮಲೇರಿಯಾ ಮಾತ್ರೆ ಅದನ್ನು ಮುಟ್ಟುವುದೇ ಇಲ್ಲವಂತೆ. ಇದಕ್ಕೆ ಬೇರೆ ಔಷಧಿ ಇತ್ತು, ಬೇಗ ಕೊಡಬೇಕಿತ್ತು. ಹಾಸನಕ್ಕೆ ಕಳಿಸಿದರು.

ದಾರಿಯಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದು, "ಇದು ಯಾವ ಜಾತೀದೇ?" ಎಂದಳು.

"ಬ್ಯಾಕ್ಟೀರಿಯಾ."

"ನಂಗೆ ಎರಡು ಸಲಾನೂ ಒಂದೇ ಥರ ಚಳಿ ಆಯ್ತಲ್ಲೇ," ಎಂದಳು.

ಹಾಸನದಿಂದ ಅವಳು ಮರಳಲಿಲ್ಲ.

ಮರುವರ್ಷ ಅದೇ ಗದ್ದೆಯಲ್ಲಿ ನಾಟಿ. ಸಾಲಿನಲ್ಲಿ ಬದುವಿನ ಪಕ್ಕದ ಜಾಗ ಚಿಕ್ಕಮ್ಮನದು; ಬಂದ ಹೆಂಗಸರು ಯಾರೂ ಅಲ್ಲಿ ನಿಲ್ಲಲಿಲ್ಲ. ನಾನು ಇಳಿಯಹೊರಟಾಗ ಅಮ್ಮ ನನ್ನ ಪಾದ ಎತ್ತಿ ನೋಡಿದಳು. ಬೆರಳ ಸಂದಿಯಲ್ಲಿ ಸಣ್ಣ ಗೀರು.

"ನೀನು ಬ್ಯಾಡ, ಮ್ಯಾಲೆ ಕೂತ್ಕ."

ಅವಳ ಹಿಮ್ಮಡಿಯೂ ಒಡೆದಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಮೆತ್ತಿ, ಹಳೇ ಸೀರೆಯ ತುಂಡು ಸುತ್ತಿ, ತಂಗಿಯ ಜಾಗದಲ್ಲಿ ನಿಂತು ಬಗ್ಗಿದಳು. ಮೊದಲ ಹೆಜ್ಜೆಗೇ ಬಟ್ಟೆಯೊಳಕ್ಕೆ ನೀರು ನುಗ್ಗಿತು.