ನಯಾಜ್ ಸಾಬ್ರು ಹಾಕಿಕೊಟ್ಟ ಕಂಟ್ರೋಲರ್

ನಯಾಜ್ ಸಾಬ್ರು ಕೆಲಸಕ್ಕೆ ಕೂತರೆ ಅಂಗಡಿಯ ಶಟರ್ ಮುಕ್ಕಾಲು ಪಾಲು ಇಳಿಯುತ್ತಿತ್ತು. ಹೊರಗೆ ನಿಂತವರಿಗೆ ಕಾಣುತ್ತಿದ್ದುದು ಅವರ ಎರಡು ಪಾದ ಮತ್ತು ಬೈಕಿನ ಚಕ್ರದ ಕೆಳಭಾಗ ಮಾತ್ರ. ತರೀಕೆರೆ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಯಲ್ಲಿ ವರ್ಷಗಟ್ಟಲೆ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡಿ, ಈಚೆಗೆ ಎಲೆಕ್ಟ್ರಿಕ್ ಬೈಕುಗಳಿಗೆ ಕೈ ಹಾಕಿದ್ದರು. ಮರೆ ಯಾಕೆ ಎಂದರೆ, "ನೋಡ್ತಾ ನಿಂತೋರು ಸುಮ್ನಿರಲ್ಲ ಸಾರ್, ಬುದ್ಧಿ ಹೇಳ್ತಾರೆ" ಎನ್ನುವರು. ನಾನು ಪತ್ರಿಕೆಯ ವರದಿಗಾರ. ಮುಚ್ಚಿದ ಬಾಗಿಲು ಕಂಡರೆ ನನಗೆ ಅನುಮಾನ.

ಅವರೂ ಸುಲಭಕ್ಕೆ ನಂಬುವವರಲ್ಲ. ಹೊಸ ಸಾಮಾನು ಬಂದರೆ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಹಾಕಿದ ಮೇಲೆಯೇ ಪರೀಕ್ಷೆ. "ಚೀಟಿ ಓದಿದ್ರೆ ಕಣ್ಣಿಗೂ ಅದೇ ಕಾಣುತ್ತೆ. ಮೀಟರ್ ಏನ್ ಹೇಳುತ್ತೆ ನೋಡಾಣ." ರಿಪೇರಿಯಾದ ಬೈಕಿಗೆ ಬೂಸಾ ಮೂಟೆ ಕಟ್ಟಿ, ಊರು ಸುತ್ತಿ ಬಂದು, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಬಿಸಿ ನೋಡುವರು.

ನನ್ನ ಹೆಂಡತಿ ಶೈಲಾ ಲಿಂಗದಹಳ್ಳಿ ಕಡೆ ಲಸಿಕೆ ಹಾಕಲು ಹೋಗುವ ಆರೋಗ್ಯ ಸಹಾಯಕಿ. ಅವಳ ಎಲೆಕ್ಟ್ರಿಕ್ ಬೈಕ್ ಏರಿನಲ್ಲಿ ನಿಂತುಬಿಡುತ್ತಿತ್ತು. ಲಸಿಕೆ ಡಬ್ಬದ ಸಮೇತ ತಳ್ಳಿಕೊಂಡು ಹತ್ತಬೇಕು. ಬ್ಯಾಟರಿಯಿಂದ ಮೋಟರಿಗೆ ಕರೆಂಟು ಅಳೆದು ಬಿಡುವ ಕಂಟ್ರೋಲರ್ ಚಿಕ್ಕದಾಯಿತು ಎಂದ ಸಾಬ್ರು, ನಲವತ್ತೈದು ಆಂಪಿಯರಿನ ದೊಡ್ಡದನ್ನು ಹಾಕಿಕೊಟ್ಟರು. ಬೈಕ್ ಏರು ಹತ್ತಿತು, ಆದರೆ ನಿಧಾನವಾಗಿ. ಚೀಟಿಯಂತೂ ಇರಲಿಲ್ಲ. ಹಳೆಯದನ್ನೇ ತೊಳೆದು ಕೂರಿಸಿದರೇ?

ಒಬ್ಬರ ಮಾತನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವುದು ನನ್ನ ವೃತ್ತಿಯ ರೂಢಿ. ಯಾರಿಗೂ ಹೇಳದೆ ಬೈಕನ್ನು ಕಡೂರಿನ ಒಂದು ಅಂಗಡಿಗೆ ಒಯ್ದೆ. ಅಲ್ಲಿಯವನು ಕಂಟ್ರೋಲರಿನ ಸ್ಕ್ರೂ ತೆಗೆದು, ಒಳಗೆ ಲ್ಯಾಪ್‌ಟಾಪ್ ಜೋಡಿಸಿ ನಕ್ಕ. "ಮಾಲು ದೊಡ್ದೇ ಕಣ್ರೀ. ನಿಮ್ ಸಾಬ್ರು ಮೂವತ್ತು ಆಂಪಿಯರಿಗೇ ಕಟ್ಟಾಕವ್ರೆ. ಬಿಚ್ಲಾ?" ಬಿಚ್ಚಿಸಿದೆ. ಬೈಕ್ ಹಾರಿತು. ಸುದ್ದಿಯೊಂದನ್ನು ಬಯಲಿಗೆಳೆದವನಂತೆ ಊರಿಗೆ ಮರಳಿದೆ.

ನಾಲ್ಕನೆಯ ದಿನ ಏರಿನ ನಡುವೆ ಸೀಟಿನಡಿಯಿಂದ ಹೊಗೆ ಬಂತು. ಶೈಲಾ ಲಸಿಕೆ ಡಬ್ಬ ಅಪ್ಪಿಕೊಂಡು ರಸ್ತೆಗೆ ಹಾರಿದಳು. ಮೊಣಕೈ ತರಚಿತು, ಅಷ್ಟೇ.

ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಇಬ್ಬರೂ ಸಾಬ್ರ ಬಳಿ ಹೋದೆವು. ಕಡೂರಿನಲ್ಲಿ ಬಿಚ್ಚಿಸಿದ್ದನ್ನು ನಾನೇ ಒಪ್ಪಿಕೊಂಡೆ. ಅವರು ಕರಗಿ ಅಂಟಿದ್ದ ಬ್ಯಾಟರಿ ಪ್ಲಗ್ಗನ್ನು ಕಿತ್ತು ನನ್ನ ಅಂಗೈಗೆ ಹಾಕಿದರು.

"ಕಂಟ್ರೋಲರ್ ಕೇಳಿದಷ್ಟು ಕೊಡೋ ತಾಕತ್ತು ಈ ಬ್ಯಾಟ್ರಿಗಿಲ್ಲ ಸಾರ್. ಅದ್ಕೇ ಕಟ್ಟಿದ್ದೆ."

"ಮೊದ್ಲೇ ಹೇಳ್ಬಾರ್ದಿತ್ತಾ ಸಾಬ್ರೇ?" ಎಂದೆ.

"ಹೇಳ್ಬೇಕಿತ್ತು, ನಂದೂ ತಪ್ಪೇ. ಆದ್ರೆ ಕಡೂರಿನ್ ತನಕ ಹೋದೋರು, ನನ್ನ ಒಂದ್ ಮಾತು ಕೇಳಿದ್ರಾ?"

ಆರೋಪ ಹೊತ್ತವರ ಪ್ರತಿಕ್ರಿಯೆ ಇಲ್ಲದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸದ ನಾನು, ಅವರನ್ನು ಕೇಳಿರಲಿಲ್ಲ.

ಹೊಸ ಪ್ಲಗ್ ಕೂರಿಸಿ, ಮಿತಿಯನ್ನು ಮತ್ತೆ ಮೂವತ್ತಕ್ಕೆ ಇಳಿಸಿ, ಕಂಟ್ರೋಲರಿನ ನಾಲ್ಕು ಸ್ಕ್ರೂಗಳ ಮೇಲೂ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟರು. ಆಮೇಲೆ ನನ್ನತ್ತ ನೋಡದೆ ಶೈಲಾಳಿಗೆ ಹೇಳಿದರು: "ನರ್ಸಮ್ಮ, ಯಾರಾದ್ರೂ ಬಿಚ್ಚಿದ್ರೆ ಈ ಚುಕ್ಕೆ ಒಡೆಯುತ್ತೆ. ದಿನಾ ನೋಡ್ಕೊಳ್ಳಿ. ಮನೆಯವ್ರ ಮೇಲೂ ಒಂದ್ ಕಣ್ಣಿರ್ಲಿ."

ಅದೇ ಕೊನೆಯ ಭೇಟಿ. ಬೇಸಿಗೆಯಲ್ಲಿ ಸಾಬ್ರು ಶಿವನಿ ಊರಿನಲ್ಲಿದ್ದ ಮಗಳ ಮನೆಯಲ್ಲಿ ತೀರಿಕೊಂಡರು. ಆ ಅಂಗಡಿಯಲ್ಲಿ ಈಗ ಬೇಕರಿ ಇದೆ. ಟೈರಿನ ಗಾಳಿ ನೋಡಲೆಂದು ನಾನು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತರೂ ಸಾಕು, ಶೈಲಾ ಒಳಗಿನಿಂದ ಬಂದು ಬಗ್ಗಿ ಚುಕ್ಕೆಗಳನ್ನು ಎಣಿಸುತ್ತಾಳೆ.