ಬಾಜೂಮನೆಯ ಅಜ್ಜಿ

ವಾಡಿ ಜಂಕ್ಷನ್ನಿನ ಹೊರಗೆ ಝೆರಾಕ್ಸ್ ಅಂಗಡಿ ಇಟ್ಟಿರುವ ಶಾಂತಕುಮಾರನಿಗೆ ನಲವತ್ತೆರಡು ವರ್ಷ. ಊರವರ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರಗಳಿಗೆ ನಕಲು ತೆಗೆಯುವುದು ಅವನ ಅಸಲು ಕಸುಬು. ಮಷೀನು ಬಿಸಿಯಾಗುವ ತನಕ ಸಿಗುತ್ತಿದ್ದ ಬಿಡುವಿನಲ್ಲಿ ಅವನು ಕಲಿತದ್ದು ಕೋರಿಯನ್ ಭಾಷೆ. ಕಲಿ ಎಂದು ಯಾರೂ ಕೋರಿರಲಿಲ್ಲ. ಲಾಕ್‌ಡೌನಿನಲ್ಲಿ ರೈಲು ನಿಂತು, ಅಂಗಡಿಗೆ ಬೀಗ ಬಿದ್ದು, ಮೊಬೈಲಿನಲ್ಲಿ ಕೋರಿಯಾದ ಧಾರಾವಾಹಿಯೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಒಬ್ಬ ತಾಯಿ, ನಲವತ್ತರ ಮಗನಿಗೆ, ಉಂಡ್ಯೋ ಇಲ್ಲೋ ಎಂದು ಗದರುತ್ತಿದ್ದಳು. ಇದು ನಮ್ಮ ಮನೆಯ ಕಥೆಯೇ ಆಯಿತಲ್ಲ ಎಂದುಕೊಂಡು ನೋಡುತ್ತ ಕೂತವನು ಏಳಲೇ ಇಲ್ಲ.

ಹಾಳಾದ ಝೆರಾಕ್ಸ್ ಹಾಳೆಗಳನ್ನೇ ಹೊಲಿದು ಪುಸ್ತಕ ಮಾಡಿಕೊಂಡ. ಒಂದು ಮಗ್ಗುಲಿಗೆ ಯಾರದೋ ಹೊಲದ ಸರ್ವೆ ನಂಬರು, ಇನ್ನೊಂದು ಮಗ್ಗುಲಿಗೆ ಕೋರಿಯನ್ ಅಕ್ಷರ. ಆರು ವರ್ಷದಲ್ಲಿ ಹನ್ನೊಂದು ಪುಸ್ತಕವಾದವು. ಭಾಷೆಯ ಜೊತೆ ರೀತಿ ರಿವಾಜೂ ಬರೆದುಕೊಂಡ: ಹಿರಿಯರಿಗೆ ಏನು ಕೊಟ್ಟರೂ ಎರಡು ಕೈಯಿಂದ ಕೊಡಬೇಕು, ಅನ್ನದಲ್ಲಿ ಕಡ್ಡಿ ಚುಚ್ಚಿ ನಿಲ್ಲಿಸಬಾರದು, ಮನೆಯ ಹಿರಿಯರು ಚಮಚ ಎತ್ತುವ ಮೊದಲು ಯಾರೂ ಎತ್ತಬಾರದು. ಚಹಾದಂಗಡಿಯಲ್ಲಿ ಇದನ್ನೆಲ್ಲ ಉಪನ್ಯಾಸ ಮಾಡುತ್ತಿದ್ದುದರಿಂದ ಊರು ಅವನನ್ನು ಕೋರಿಯಾ ಶಾಂತಕುಮಾರ ಎಂದು ಕರೆಯತೊಡಗಿತು. ಅದರಲ್ಲಿ ಚೇಷ್ಟೆ ಎಷ್ಟು, ಗೌರವ ಎಷ್ಟು ಎಂದು ಅವನು ಎಂದೂ ಲೆಕ್ಕ ಹಾಕಲಿಲ್ಲ. ಆ ಭಾಷೆಯಲ್ಲಿ ಊಟಕ್ಕೆ ಶಿಕ್ಸಾ ಅನ್ನುತ್ತಾರೆಂದು ಹೆಂಡತಿ ಶಿವಗಂಗಾಳಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಮ್ಮನ್ಯಾಗೂ ಅದೇ ಅದಲ್ರಿ, ಮಾಡೋರಿಗಿ" ಎಂದಳು.

ಇಷ್ಟೆಲ್ಲ ಕಲಿತವನು ಒಬ್ಬ ಕೋರಿಯನ್ನನ ಜೊತೆಗೂ ಮಾತಾಡಿರಲಿಲ್ಲ. ಹೀಗಿರುವಾಗ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದಿದ್ದ ಇಮ್ ಎಂಬ ಹಿರಿಯ ಇಂಜಿನಿಯರು ಪಾಸ್‌ಪೋರ್ಟಿನ ಪ್ರತಿ ತೆಗೆಸಲು ಅಂಗಡಿಗೇ ಬಂದರು. ಊಟವಾಯಿತೇ ಎಂದು ಶಾಂತಕುಮಾರ ಅವರ ಭಾಷೆಯಲ್ಲಿ ಕೇಳಿದ. ಇಮ್ ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಎರಡು ತಿಂಗಳಿನಿಂದ ತನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ ಎಂದರು. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುವುದೆಂದು ನಿಂತ ಕಾಲಲ್ಲೇ ನಿಶ್ಚಯವಾಯಿತು.

ಮನೆಗೆ ಬರುವಷ್ಟರಲ್ಲಿ ಶಾಂತಕುಮಾರನಿಗೆ ಭಯ ಶುರುವಾಗಿತ್ತು. ಭಯಕ್ಕೆ ಕಾರಣ ಅವನ ತಾಯಿ ಶಿವಕಾಂತಮ್ಮ. ಎಪ್ಪತ್ಮೂರರ ಮುದುಕಿ. ಗಂಡ ಸತ್ತ ಮೇಲೆ ಇಪ್ಪತ್ತೈದು ವರ್ಷ ಶಹಾಬಾದಿನ ಕಲ್ಲುಗಣಿಯಲ್ಲಿ ಪರಸಿಕಲ್ಲು ಒಡೆದು ಮಗನನ್ನು ಓದಿಸಿದಾಕೆ. ಗಣಿಯ ಸಿಡಿಮದ್ದಿಗೆ ಕಿವಿ ಮಂದವಾಗಿ, ತನಗೆ ಕೇಳಿಸದ್ದು ಇತರರಿಗೂ ಕೇಳಿಸದೆಂಬ ನಂಬಿಕೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಾಳೆ. ಬಂದವರಿಗೆ ಪಗಾರ ಎಷ್ಟು, ಮಕ್ಕಳೆಷ್ಟು ಎಂದು ಕೇಳುತ್ತಾಳೆ, ಬೇಡವೆಂದರೂ ತಾಟಿಗೆ ರೊಟ್ಟಿ ಒಗೆಯುತ್ತಾಳೆ, ನಡುವೆ ಎದ್ದು ಹೋಗಿ ತಂಬಾಕು ಉಗುಳಿ ಬರುತ್ತಾಳೆ. ಆರು ವರ್ಷ ಬೆವರು ಸುರಿಸಿ ಕಟ್ಟಿದ ಮರ್ಯಾದೆ ಒಂದು ಊಟದಲ್ಲಿ ಉರುಳುವುದು ಅವನಿಗೆ ಕಣ್ಣೆದುರೇ ಕಂಡಿತು.

ಭಾನುವಾರ ಬೆಳಿಗ್ಗೆ ಅವನು ತಾಯಿಯ ಎದುರು ಕೂತು ಉಗುರು ನೋಡಿಕೊಳ್ಳುತ್ತ ಹೇಳಿದ, "ಅವ್ವ, ಮನಿ ಸಣ್ಣದದ. ಒಂದೆರಡ ತಾಸು ಹಮೀದಾ ಚಾಚಿ ಮನ್ಯಾಗ ಕುಂದರ್ತಿ ಏನು?"

ಮನೆ ಅಷ್ಟೇನೂ ಸಣ್ಣದಲ್ಲ. ಶಿವಕಾಂತಮ್ಮ ಒಮ್ಮೆ ಗೋಡೆಗಳನ್ನು ನೋಡಿದಳು, ಒಮ್ಮೆ ಮಗನನ್ನು.

"ಕುಂದರ್ತೀನಿ. ನನ್ನ ದನಿ ಜೋರದ ಅಂತ ಹೇಳಲಿಕ್ಕ ಯಾಕ ಹೆದರ್ತಿಯೋ" ಎಂದು ಸೆರಗು ಹೊದ್ದು ಪಕ್ಕದ ಹಮೀದಾಬೇಗಂ ಮನೆಗೆ ಹೋದಳು. ಮೂವತ್ತು ವರ್ಷದ ಗೆಳತಿಯರು ಅವರು. ಅಂದು ಶಿವಗಂಗಾ ಬಡಿಯುವ ರೊಟ್ಟಿಯ ಸಪ್ಪಳ ಎಂದಿಗಿಂತ ಜೋರಾಗಿತ್ತು.

ಇಮ್ ಸಾಹೇಬರು ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅನ್ನ ಎಲ್ಲ ಬಂತು. ಹೊಸ ಚಮಚವೂ ಬಂತು. ಸಾಹೇಬರು ಅದನ್ನು ಮುಟ್ಟಲಿಲ್ಲ. ಶಾಂತಕುಮಾರ ಒಂದು ಸಲ ಉಣ್ಣಿ ಎಂದ, ಎರಡು ಸಲ ಎಂದ. ಅವರು ನಗುತ್ತ ಒಳಬಾಗಿಲ ಕಡೆ ನೋಡುತ್ತಿದ್ದರು. ಕೊನೆಗೆ, ಮನೆಯಲ್ಲಿ ಹಿರಿಯರು ಯಾರು ಎಂದು ಕೇಳಿದರು.

ಶಾಂತಕುಮಾರನಿಗೆ ತನ್ನದೇ ಕೈಬರಹ ನೆನಪಾಯಿತು. ಮೂರನೆಯ ಪುಸ್ತಕ, ಯಾರದೋ ಪಡಿತರ ಚೀಟಿಯ ಬೆನ್ನಿಗೆ. ಚಹಾದಂಗಡಿಯಲ್ಲಿ ನೂರು ಸಲ ಹೇಳಿದ ಪಾಠವದು. ಹೇಳಿದವನಿಗೇ ಅದು ತನ್ನ ಮನೆಗೂ ಸೇರಿದ್ದೆಂದು ಹೊಳೆದಿರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯಾಚೆಯಿಂದ ದನಿ ಬಂತು.

"ಹಮೀದಾ, ಆ ಪರದೇಶಿ ಮನಶಾ ಉಣ್ಣಾಕತ್ತಾನೋ ಇಲ್ಲೋ? ಖಾರ ಕಮ್ಮಿ ಹಾಕು ಅಂದಿದ್ದೆ ನಮ್ಮ ಶಿವಗಂಗಾಗ."

ಯಾರದು ಎಂದು ಸಾಹೇಬರು ಕೇಳಿದರು.

"ಯೊಪ್ಚಿಪ್ ಹಲ್ಮೊನಿ" ಎಂದ ಶಾಂತಕುಮಾರ. ಬಾಜೂಮನೆಯ ಅಜ್ಜಿ. ಆರು ವರ್ಷದಲ್ಲಿ ಅವನು ಆಡಿದ ಅತ್ಯಂತ ಶುದ್ಧ ಕೋರಿಯನ್ ಅದೇ ಇರಬೇಕು, ಉಚ್ಚಾರದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಧಾರಾವಾಹಿ ನೋಡಿ ನೋಡಿ ಹಲ್ಮೊನಿ ಎಂದರೆ ಅಜ್ಜಿ ಎಂದು ಶಿವಗಂಗಾಳಿಗೂ ಗೊತ್ತಿತ್ತು. ಅವಳು ಗಂಡನನ್ನು ಒಮ್ಮೆ ನೋಡಿ, ನೀರಿನ ತಂಬಿಗೆ ಕೆಳಗಿಟ್ಟು ಒಳಗೆ ಹೋದಳು.

ಸಾಹೇಬರ ಮುಖ ಮಾತ್ರ ಅರಳಿತು. ಇಷ್ಟು ಹತ್ತಿರ ಒಬ್ಬ ಹಿರಿಯಾಕೆ ಇರುವಾಗ ನಾವೇ ಉಣ್ಣುವುದು ಸರಿಯಲ್ಲ, ಕರೆಯಿರಿ ಎಂದರು. ಹೀಗೆ ಶಾಂತಕುಮಾರ ತನ್ನ ತಾಯಿಯನ್ನು ತನ್ನ ಮನೆಯ ಊಟಕ್ಕೆ ಅತಿಥಿಯಾಗಿ ಕರೆತಂದ.

ಶಿವಕಾಂತಮ್ಮ ಬಂದು ಕೂತು ತುತ್ತು ಮುರಿದಳು. ಆಮೇಲೆಯೇ ಸಾಹೇಬರು ಚಮಚ ಎತ್ತಿದರು. ಅವನು ಹೆದರಿದ್ದೆಲ್ಲ ಒಂದೂ ಬಿಡದೆ ನಡೆಯಿತು. ಅವಳು ಪಗಾರ ಕೇಳಿದಳು, ಮಕ್ಕಳೆಷ್ಟೆಂದು ಕೈಸನ್ನೆ ಮಾಡಿ ಕೇಳಿದಳು, ತಾಟಿಗೆ ರೊಟ್ಟಿ ಒಗೆದಳು, ನಡುವೆ ಎದ್ದು ಹೋಗಿ ತಂಬಾಕು ಉಗುಳಿ ಬಂದಳು. ಸಾಹೇಬರು ಬೆವರು ಒರೆಸುತ್ತ ನಾಲ್ಕು ರೊಟ್ಟಿ ಉಂಡು ಮೂರು ಬೆರಳು ತೋರಿಸಿದರು. ಮೂರು ಮಕ್ಕಳು ಎಂದು ಅವಳಿಗೆ ತಿಳಿಯಿತು. ಅವಳು ಕಲ್ಲು ಒಡೆಯುವ ಪರಿಯನ್ನು ಕೈಯಲ್ಲಿ ತೋರಿಸಿದಾಗ ಅವರು ಆ ಅಂಗೈಯ ಜಡ್ಡನ್ನು ಬಗ್ಗಿ ನೋಡಿ, ತಮ್ಮ ತಾಯಿ ಗದ್ದೆಯಲ್ಲಿ ದುಡಿದವಳು ಎಂದು ತಮ್ಮ ಭಾಷೆಯಲ್ಲಿ ಹೇಳಿದರು. ಅವಳು ತಲೆಯಾಡಿಸಿದಳು. ದುಭಾಷಿಯಾಗಬೇಕಿದ್ದ ಶಾಂತಕುಮಾರನನ್ನು ಅರ್ಧ ತಾಸು ಯಾರೂ ಏನೂ ಕೇಳಲಿಲ್ಲ. ಕೂತಲ್ಲೇ ಕೂತು ಅವನು ತನ್ನ ರೊಟ್ಟಿಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮುರಿಯುತ್ತಿದ್ದ.

ಊಟ ಮುಗಿಯಿತು. ಅಜ್ಜಿಯನ್ನು ಮನೆ ಮುಟ್ಟಿಸಿಯೇ ತಾನು ಹೊರಡುವುದೆಂದು ಸಾಹೇಬರು ಎದ್ದರು. ಮೊಣಕೈಗೆ ಕೈಯಾಸರೆ ಕೊಟ್ಟು ಮೆಲ್ಲಗೆ ಅವಳನ್ನು ಹೊರಗೆ ಕರೆತಂದು, ಹಮೀದಾಬೇಗಂ ಬಾಗಿಲ ಕಡೆ ತಿರುಗಿಸಿದರು. ಶಿವಕಾಂತಮ್ಮ ನಿಂತು ಹಿಂದೆ ನೋಡಿದಳು.

"ಇವಾ ನನ್ನ ಎಲ್ಲಿಗಿ ಕರಕೊಂಡ ಹೊಂಟಾನ ಶಾಂತ್ಯಾ?"

ಹೊಸ್ತಿಲಲ್ಲಿ ನಿಂತಿದ್ದ ಹಮೀದಾಬೇಗಂ ಕೂಡ ಶಾಂತಕುಮಾರನನ್ನೇ ನೋಡುತ್ತಿದ್ದಳು. ಆ ಹತ್ತು ಹೆಜ್ಜೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸುಸೂತ್ರ ಮುಗಿದುಹೋಗುತ್ತಿತ್ತು. ಅವನಿಂದ ಆಗಲಿಲ್ಲ.

"ಉರಿ ಒಮೊನಿ" ಎಂದ. ನಮ್ಮ ತಾಯಿ.

ಇಮ್ ಸಾಹೇಬರು ನಿಂತರು. ಅವನ ಮುಖವನ್ನು ಹೆಚ್ಚು ಹೊತ್ತು ದಿಟ್ಟಿಸಲಿಲ್ಲ, ಅದೇ ಅವರು ತೋರಿಸಿದ ದೊಡ್ಡತನ. ಶಿವಕಾಂತಮ್ಮನ ಕಡೆ ತಿರುಗಿ ಸೊಂಟ ಬಾಗಿಸಿ ನಮಸ್ಕರಿಸಿದರು. ಶಾಂತಕುಮಾರನೂ ಬಾಗಿದ. ಅವನ ತಲೆ ಮೇಲೆದ್ದಾಗ ಅವರು ಗಲ್ಲಿಯ ತಿರುವು ದಾಟಿದ್ದರು.

"ಏನಂದಿ ಅವಂಗ?" ತಾಯಿ ಕೇಳಿದಳು.

"ಖರೇ ಹೇಳ್ದೆ. ನಮ್ಮವ್ವ ಅಂತ."

"ಮತ್ತ ಮೊದಲ ಏನ್ ಹೇಳಿದ್ದಿ?"

ಕೋರಿಯನ್ನಿನಲ್ಲಿ ನಾಲಗೆಯ ತುದಿಯಿಂದ ಜಾರಿದ ಎರಡು ಶಬ್ದ ಕನ್ನಡದಲ್ಲಿ ಬೇಗ ಹೊರಡಲಿಲ್ಲ. ಹೊರಟಾಗ ಅದು ಅವನಿಗೇ ಕೇಳಿಸದಷ್ಟು ಮೆಲ್ಲಗಿತ್ತು. ಶಿವಕಾಂತಮ್ಮ ಕಿವಿಗೆ ಕೈಯಿಟ್ಟಳು. ಅವನು ಮತ್ತೆ ಹೇಳಿದ. ಅವಳು ಕೇಳಲಿಲ್ಲವೆಂದು ತಲೆಯಾಡಿಸಿ ಇನ್ನೂ ಹತ್ತಿರ ಬಂದಳು. ಮೂರನೆಯ ಸಲ ಅವನು ಗಲ್ಲಿಗೆಲ್ಲ ಕೇಳುವಂತೆ ಹೇಳಬೇಕಾಯಿತು.

"ಬಾಜೂಮನಿ ಅಜ್ಜಿ ಅಂದಿದ್ದೆ ಅವ್ವ."

ಎದುರು ಮನೆಯ ಕಿಟಕಿಯೊಂದು ತೆರೆಯಿತು. ಶಿವಕಾಂತಮ್ಮ "ಹೂಂ" ಎಂದಳು. ಸೆರಗು ಸರಿಮಾಡಿಕೊಂಡಳು. ಗೆಳತಿಯ ಭುಜ ಹಿಡಿದು ಹೊಸ್ತಿಲು ದಾಟಿ ಒಳಗೆ ಹೋಗಿ ಕೂತಳು. ಹಮೀದಾಬೇಗಂ ಬಾಗಿಲು ಹಾಕಲಿಲ್ಲ, ಒಳಗೆ ಬಾ ಎಂದೂ ಅವನನ್ನು ಕರೆಯಲಿಲ್ಲ.

ಅದು ಭಾನುವಾರ ಮಧ್ಯಾಹ್ನ. ಅವಳು ಮನೆಗೆ ಬಂದದ್ದು ಬುಧವಾರ. ಆ ಮೂರು ದಿನ ಶಾಂತಕುಮಾರ ಅಂಗಡಿಗೆ ಹೋಗುವಾಗಲೂ ಬರುವಾಗಲೂ ಆ ತೆರೆದ ಬಾಗಿಲ ಮುಂದೆ ನಿಲ್ಲುತ್ತಿದ್ದ. ಒಳಗಿಂದ ಇಬ್ಬರು ಮುದುಕಿಯರ ಮಾತು ಕೇಳುತ್ತಿತ್ತು. ಅವನು ಕೆಮ್ಮುತ್ತಿದ್ದ. ಮಾತು ನಿಲ್ಲುತ್ತಿತ್ತು. ಅವನು ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು.